ಎಬಿಡಿಯ ‘ಡಿ’ ಎಲ್ಲಿಂದ ಬಂತು? ಒಂದು ಫ್ರೆಂಚ್ ಅಡ್ಡಹೆಸರಿನ ಪಯಣ

2016ರ ಮೇ 14. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗುಜರಾತ್ ಲಯನ್ಸ್ ಎದುರು ಆರ್‌ಸಿಬಿ ಆಡುತ್ತಿತ್ತು. ಎಬಿ ಡಿವಿಲಿಯರ್ಸ್ 52 ಎಸೆತಗಳಲ್ಲಿ 129 ರನ್ ಚಚ್ಚಿದರು. ಕೊನೆಯವರೆಗೂ ಔಟಾಗಲಿಲ್ಲ. 2011ರಿಂದ 2021ರವರೆಗೆ ಅವರು ಬೆಂಗಳೂರಿಗೆ ಆಡಿದರು. ಅಷ್ಟೂ ಕಾಲ ಆ ಮೈದಾನದಲ್ಲಿ ಮೊಳಗಿದ್ದು ಮೂರೇ ಅಕ್ಷರ: ಎ, ಬಿ, ಡಿ.

ಮೊದಲ ಅಕ್ಷರ ಅಬ್ರಹಾಂ. ಎರಡನೆಯದು ಬೆಂಜಮಿನ್. ಮೂರನೆಯದು? ಅದು ಫ್ರೆಂಚ್ ಭಾಷೆಯ ಒಂದು ಪುಟ್ಟ ಪದ. ಕನ್ನಡದಲ್ಲಿ ಹೇಳುವುದಾದರೆ ‘ಇಂದ’, ಅಥವಾ ‘ಆ ಊರಿನ’. ಅಂದರೆ ‘ವಿಲಿಯರ್ಸ್’ ಎಂಬ ಊರಿನ ಹೆಸರನ್ನು ಬಿಟ್ಟು, ಅದರ ಹಿಂದಿನ ‘ಇಂದ’ವನ್ನಷ್ಟೇ ನಾವು ಹತ್ತು ವರ್ಷ ಕೂಗಿದೆವು.

ಐಪಿಎಲ್ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ದಕ್ಷಿಣ ಆಫ್ರಿಕಾದ ಕ್ರಿಕೆಟಿಗರಾದ ಡಿವಿಲಿಯರ್ಸ್, ಡು ಪ್ಲೆಸಿ, ರೂಸೋ. ಇವೆಲ್ಲ ಫ್ರೆಂಚ್ ಹೆಸರುಗಳಲ್ವಾ? ದಕ್ಷಿಣ ಆಫ್ರಿಕಾವನ್ನು ಆಳಿದ್ದು ಡಚ್ಚರು, ಆಮೇಲೆ ಇಂಗ್ಲಿಷರು. ಫ್ರೆಂಚರು ಅಲ್ಲಿ ಆಳಲೇ ಇಲ್ಲ. ಹಾಗಿದ್ದರೆ ಈ ಹೆಸರುಗಳು ಅಲ್ಲಿಗೆ ಹೋದದ್ದು ಹೇಗೆ? ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಒಂದು ಹಳ್ಳಿಯಿಂದ ಶುರು ಮಾಡಬೇಕು.

ಒಂದು ‘ಡಿ’, ಎರಡು ಅರ್ಥ

ಅನಿಲ್ ಕುಂಬ್ಳೆ ಗೊತ್ತಲ್ಲ. ಅವರ ಹೆಸರಿನಲ್ಲಿರುವ ಕುಂಬ್ಳೆ, ಕಾಸರಗೋಡು ಜಿಲ್ಲೆಯ ಕುಂಬಳೆ ಎಂಬ ಊರು. ಅಡ್ಡಹೆಸರು ಊರಿನಿಂದ ಬಂದಿದೆ. ಡಿವಿಲಿಯರ್ಸ್ ಕೂಡ ಅದೇ ಜಾತಿಯ ಹೆಸರು. ನಮ್ಮಲ್ಲಿ ಊರಿನ ಹೆಸರನ್ನು ಹಾಗೇ ಇಟ್ಟುಕೊಳ್ಳುತ್ತೇವೆ. ಫ್ರೆಂಚರು ಅದರ ಮುಂದೆ ‘ದ’ ಎಂಬ ಪದ ಸೇರಿಸುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅದು ಡಿ ಮತ್ತು ಇ. ನಮ್ಮ ಪತ್ರಿಕೆಗಳಲ್ಲಿ ಅದೇ ‘ಡಿ’ ಆಯಿತು.

ಹೀಗೆ ‘ಡಿ’ ಇದ್ದವರೆಲ್ಲ ದೊಡ್ಡ ಮನೆತನದವರು, ಸಾಮಂತರು ಎಂಬ ನಂಬಿಕೆ ಇದೆ. ಅದು ಪೂರ್ತಿ ನಿಜವಲ್ಲ. ಜಮೀನು ಇದ್ದ ಒಡೆಯನೂ ‘ಆ ಊರಿನವನು’. ಊರು ಬಿಟ್ಟು ಪಕ್ಕದ ಪಟ್ಟಣಕ್ಕೆ ಕೂಲಿಗೆ ಬಂದವನೂ ‘ಆ ಊರಿನವನು’. ಇಬ್ಬರಿಗೂ ಒಂದೇ ಪದ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಬೇಕು. ಕ್ವಿಂಟನ್ ಡಿ ಕಾಕ್ ಹೆಸರಿನಲ್ಲೂ ‘ಡಿ’ ಇದೆ. 2018ರಲ್ಲಿ ಅವರೂ ಆರ್‌ಸಿಬಿಯಲ್ಲಿದ್ದರು. ಆದರೆ ಆ ‘ಡಿ’ ಡಚ್ ಭಾಷೆಯದು. ಅರ್ಥವೂ ಬೇರೆ, ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಡಿ ಕಾಕ್ ಎಂದರೆ ಅಡುಗೆಯವನು. ಬರೆಯುವಾಗ ಎರಡೂ ಒಂದೇ ಥರ ಕಾಣುತ್ತವೆ. ಒಂದು ಊರನ್ನು ಹೇಳುತ್ತದೆ, ಇನ್ನೊಂದು ಕಸುಬನ್ನು ಹೇಳುತ್ತದೆ.

ವಿಲಿಯರ್ ಎಂಬ ಊರು ಎಲ್ಲಿದೆ?

ಒಂದು ಕಡೆ ಇದ್ದಿದ್ದರೆ ಸುಲಭವಾಗುತ್ತಿತ್ತು. ಫ್ರಾನ್ಸಿನಲ್ಲಿ ಈ ಹೆಸರಿನ ಊರುಗಳು ತುಂಬಾ ಇವೆ. ಪ್ಯಾರಿಸ್ ಸುತ್ತಮುತ್ತಲೇ ವಿಲಿಯರ್-ಲ-ಬೆಲ್, ವಿಲಿಯರ್-ಸುರ್-ಮಾರ್ನ್ ಇವೆ. ಬೇರೆ ಸೀಮೆಗಳಿಗೆ ಹೋದರೆ ಅದೇ ಹೆಸರು ವಿಲೆರ್, ವಿಲಾರ್ ಎಂದು ರೂಪ ಬದಲಿಸುತ್ತದೆ. ಜರ್ಮನ್ ಮಾತಾಡುವ ಕಡೆ ಅದೇ ‘ವೈಲರ್’ ಆಗಿ ಊರ ಹೆಸರುಗಳ ಬಾಲದಲ್ಲಿ ಕೂರುತ್ತದೆ.

ಇದೆಲ್ಲದರ ಬೇರು ಲ್ಯಾಟಿನ್ನಿನ ‘ವಿಲ್ಲಾ’. ಹೌದು, ದೇವನಹಳ್ಳಿ ರಸ್ತೆಯ ಜಾಹೀರಾತು ಫಲಕಗಳಲ್ಲಿ ಕೋಟಿಗಟ್ಟಲೆ ಬೆಲೆ ಹಾಕಿ ಮಾರುತ್ತಾರಲ್ಲ, ಅದೇ ವಿಲ್ಲಾ. ರೋಮನ್ನರ ಕಾಲದಲ್ಲಿ ವಿಲ್ಲಾ ಎಂದರೆ ಹೊಲಗದ್ದೆಗಳ ನಡುವಿನ ದೊಡ್ಡ ತೋಟದಮನೆ. ಆ ತೋಟಕ್ಕೆ ಸೇರಿದ ಒಕ್ಕಲುಗಳು, ಕೊಟ್ಟಿಗೆಗಳು, ಆಳುಗಳ ಗುಡಿಸಲುಗಳು ಸೇರಿ ಒಂದು ಸಣ್ಣ ಹಟ್ಟಿಯಾದರೆ ಅದು ‘ವಿಲಾರೆ’. ಈ ವಿಲಾರೆಯೇ ಜನರ ಬಾಯಲ್ಲಿ ಸವೆದು ವಿಲಿಯರ್ ಆಯಿತು. ಇಂಗ್ಲಿಷಿನ ‘ವಿಲೇಜ್’ ಕೂಡ ಇದೇ ಬಳ್ಳಿಯ ಕಾಯಿ.

ಒಟ್ಟಿನಲ್ಲಿ ಡಿವಿಲಿಯರ್ಸ್ ಎಂದರೆ ‘ಹಟ್ಟಿಯವನು’, ‘ಹಳ್ಳಿಯವನು’. ಯಾವ ಹಳ್ಳಿ ಎಂದು ಹೆಸರೊಂದನ್ನೇ ನೋಡಿ ಹೇಳಲು ಆಗುವುದಿಲ್ಲ. ‘ಹೊಸಹಳ್ಳಿ’ ಎಂದರೆ ಯಾವ ಜಿಲ್ಲೆಯದು ಅಂತ ಮರುಪ್ರಶ್ನೆ ಕೇಳಬೇಕಾಗುತ್ತದಲ್ಲ, ಹಾಗೆ. ಅದಕ್ಕೇ ಈ ಹೆಸರಿನವರೆಲ್ಲ ಒಂದೇ ರಕ್ತದವರೂ ಅಲ್ಲ. ಬೇರೆ ಬೇರೆ ವಿಲಿಯರ್‌ಗಳಿಂದ ಹೊರಟ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಮನೆತನಗಳಿಗೆ ಒಂದೇ ಹೆಸರು ಅಂಟಿಕೊಂಡಿದೆ.

ಫಾಫ್ ಡು ಪ್ಲೆಸಿ ಅವರ ಹೆಸರೂ ಊರು-ಜಾಗದ್ದೇ. ‘ಪ್ಲೆಸಿ’ ಎಂದರೆ ಗಿಡದ ಕೊಂಬೆಗಳನ್ನು ಹೆಣೆದು ಕಟ್ಟಿದ ಬೇಲಿ, ಆ ಬೇಲಿಯೊಳಗಿನ ಜಾಗ. ಹೀಗೆ ಬೇಲಿಯೊಳಗಿನವನೂ ಹಟ್ಟಿಯವನೂ ಪ್ರಿಟೋರಿಯಾದ ಒಂದೇ ಶಾಲೆಯಲ್ಲಿ ಓದಿದರು. ಇಬ್ಬರೂ ಹುಟ್ಟಿದ್ದು 1984ರಲ್ಲಿ.

ಅಡ್ಡಹೆಸರು ಬಂದದ್ದೇ ತಡವಾಗಿ

ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಹಳ್ಳಿಗರಿಗೆ ಒಂದೇ ಹೆಸರು. ಜಾನ್, ಪಿಯೇರ್, ಜಾಕ್. ಜನ ಹೆಚ್ಚಿದರು, ಹೆಸರುಗಳು ಮಾತ್ರ ಅಷ್ಟೇ ಉಳಿದವು. ಒಂದೇ ಬೀದಿಯಲ್ಲಿ ನಾಲ್ಕು ಜಾನ್‌ಗಳಾದರೆ ಏನು ಮಾಡುವುದು? ನಮ್ಮ ಹಳ್ಳಿಗಳಲ್ಲಿ ನಾಲ್ಕು ಮಂಜುನಾಥರಿದ್ದರೆ ಮಾಡುವುದನ್ನೇ ಅವರೂ ಮಾಡಿದರು. ಒಬ್ಬ ಕಮ್ಮಾರನಾದರೆ ‘ಲಫೆವ್ರ್’. ಒಬ್ಬ ಎತ್ತರದವನಾದರೆ ‘ಲಗ್ರಾಂ’. ಒಬ್ಬ ಮಾರ್ಟಿನ್‌ನ ಮಗನಾದರೆ ಅವನೂ ಮಾರ್ಟಿನ್. ಹೊರಗಿನ ಹಳ್ಳಿಯಿಂದ ಬಂದವನಾದರೆ ಆ ಹಳ್ಳಿಯ ಹೆಸರು.

ಇಲ್ಲೊಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಊರಲ್ಲೇ ಇರುವವನನ್ನು ಯಾರೂ ಆ ಊರಿನ ಹೆಸರಿಂದ ಕರೆಯುವುದಿಲ್ಲ. ಹುಬ್ಬಳ್ಳಿಯೊಳಗೆ ಎಲ್ಲರೂ ಹುಬ್ಬಳ್ಳಿಯವರೇ. ಹುಬ್ಬಳ್ಳಿ ಬಿಟ್ಟು ಬಂದವನು ಮಾತ್ರ ಬೇರೆ ಕಡೆ ‘ಹುಬ್ಬಳ್ಳಿಯವನು’ ಆಗುತ್ತಾನೆ. ಹಾಗಾಗಿ ಸಾಮಾನ್ಯ ಜನರ ನಡುವೆ ಊರಿನ ಅಡ್ಡಹೆಸರು ಹುಟ್ಟಿದ್ದೇ ಯಾರೋ ಊರು ಬಿಟ್ಟಾಗ. ಆಫ್ರಿಕಾಕ್ಕೆ ಹಡಗು ಹತ್ತುವ ಮೊದಲೇ ಈ ಹೆಸರಿನೊಳಗೆ ಒಂದು ವಲಸೆ ಇತ್ತು.

ಮೊದಮೊದಲು ಈ ಹೆಸರುಗಳು ಅಪ್ಪನಿಂದ ಮಗನಿಗೆ ಹೋಗಲೇಬೇಕೆಂದಿರಲಿಲ್ಲ. ಬರೆದಿಡಲು ಶುರು ಮಾಡಿದ ಮೇಲೆ ಗಟ್ಟಿಯಾದವು. 1539ರಲ್ಲಿ ರಾಜ 1ನೇ ಫ್ರಾನ್ಸಿಸ್ ಒಂದು ದೊಡ್ಡ ಕಾನೂನು ತಂದ. ಕೋರ್ಟಿನ ಕಾಗದಗಳು ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿ ಇರಬೇಕು, ಪಾದ್ರಿಗಳು ಮಕ್ಕಳ ದೀಕ್ಷಾಸ್ನಾನದ ಲೆಕ್ಕ ಬರೆದಿಡಬೇಕು ಎಂದಿತು ಅದು. ಪುಸ್ತಕದಲ್ಲಿ ಒಮ್ಮೆ ಬರೆದ ಹೆಸರನ್ನು ಬದಲಿಸುವುದು ಕಷ್ಟ. ಆ ಕಾನೂನಿಗೆ ರಾಜ ಸಹಿ ಹಾಕಿದ ಊರಿನ ಹೆಸರು ವಿಲೆರ್-ಕೊತ್ತರೆ. ಅದೇ ವಿಲಾರೆ, ಅದೇ ಹಟ್ಟಿ.

ಊರು ಬಿಡಿಸಿದ ಧರ್ಮದ ಜಗಳ

16ನೇ ಶತಮಾನದಲ್ಲಿ ಯೂರೋಪಿನ ಕ್ರೈಸ್ತರು ಎರಡಾಗಿ ಒಡೆದರು. ರೋಮಿನ ಪೋಪ್ ಅವರನ್ನು ಒಪ್ಪಿದವರು ಕ್ಯಾಥೊಲಿಕರು. ಒಪ್ಪದೆ ಹೊರಬಂದವರು ಪ್ರಾಟೆಸ್ಟಂಟರು. ಫ್ರಾನ್ಸಿನ ಪ್ರಾಟೆಸ್ಟಂಟರಿಗೆ ‘ಹ್ಯೂಗನಾಟರು’ ಎಂಬ ಹೆಸರು ಬಂತು. ಈ ಪದ ಮುಂದೆ ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

1562ರಿಂದ 1598ರವರೆಗೆ ಫ್ರಾನ್ಸಿನಲ್ಲಿ ಯುದ್ಧದ ಮೇಲೆ ಯುದ್ಧ. 1572ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಕಗ್ಗೊಲೆಯಲ್ಲಿ ಸಾವಿರಾರು ಹ್ಯೂಗನಾಟರು ಸತ್ತರು. ಕೊನೆಗೆ 1598ರಲ್ಲಿ ರಾಜ 4ನೇ ಹೆನ್ರಿ ನಾಂತ್ ಶಾಸನ ಹೊರಡಿಸಿದ. ಹ್ಯೂಗನಾಟರು ಗೊತ್ತಾದ ಜಾಗಗಳಲ್ಲಿ ಪ್ರಾರ್ಥನೆ ಮಾಡಬಹುದು, ಕೆಲವು ಕೋಟೆ ಊರುಗಳನ್ನು ತಾವೇ ಇಟ್ಟುಕೊಳ್ಳಬಹುದು ಎಂದು ಅದು ಹೇಳಿತು. ಅಂಥ ಊರುಗಳಲ್ಲಿ ದೊಡ್ಡದು ಅಟ್ಲಾಂಟಿಕ್ ಕಡಲತೀರದ ಲಾ ರೊಶೆಲ್. ನಮ್ಮ ಕಥೆಯ ಡಿವಿಲಿಯರ್ಸ್ ಮನೆತನ ಇದ್ದದ್ದು ಈ ಸೀಮೆಯಲ್ಲೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆರ್‌ಸಿಬಿ ಅಭಿಮಾನಿಗಳು ತಿಳಿಯಲೇಬೇಕಾದ ಸಂಗತಿ ಒಂದಿದೆ.

1627ರಲ್ಲಿ ಫ್ರಾನ್ಸಿನ ರಾಜಸೇನೆ ಲಾ ರೊಶೆಲ್‌ಗೆ ಮುತ್ತಿಗೆ ಹಾಕಿತು. ಮುತ್ತಿಗೆ ನಡೆಸಿದವನು ಕಾರ್ಡಿನಲ್ ರಿಶಲ್ಯೂ. ರಿಶಲ್ಯೂ ಎಂಬುದು ಅವನ ಪದವಿಯ ಜೊತೆ ಬಂದ ಹೆಸರು. ಮನೆತನದ ಹೆಸರು? ಡು ಪ್ಲೆಸಿ. ಆರ್ಮಾಂ ಜಾನ್ ಡು ಪ್ಲೆಸಿ. ಊರಿನ ಜನರಿಗೆ ನೆರವು ಕೊಡಲು ಇಂಗ್ಲೆಂಡಿನಿಂದ ಹಡಗುಪಡೆ ಬಂತು. ಅದರ ನಾಯಕ ಬಕಿಂಗ್‌ಹ್ಯಾಮ್‌ನ ಡ್ಯೂಕ್. ಅವನ ಹೆಸರು ಜಾರ್ಜ್ ವಿಲಿಯರ್ಸ್! ಫ್ರಾನ್ಸಿನಿಂದ ಹಿಂದೆಂದೋ ಕಡಲು ದಾಟಿದ ಅದೇ ಊರಹೆಸರನ್ನು ಹೊತ್ತ ಇಂಗ್ಲಿಷ್ ಮನೆತನ ಅವನದು. ಅಂದರೆ ಲಾ ರೊಶೆಲ್‌ನ ಕೋಟೆಯ ಹೊರಗೆ 1627ರಲ್ಲಿ ಒಬ್ಬ ವಿಲಿಯರ್ಸ್ ಮತ್ತು ಒಬ್ಬ ಡು ಪ್ಲೆಸಿ ಎದುರುಬದುರು ನಿಂತಿದ್ದರು. ನಮ್ಮ ಕ್ರಿಕೆಟಿಗರಿಗೂ ಇವರಿಗೂ ರಕ್ತಸಂಬಂಧ ಹುಡುಕಬೇಡಿ, ಹೆಸರಷ್ಟೇ ಒಂದು. ಆದರೂ ಇದನ್ನು ಮೊದಲು ಗಮನಿಸಿದಾಗ ನನಗೆ ಮೈ ಜುಮ್ಮೆಂದಿತು.

ಗೆದ್ದದ್ದು ಡು ಪ್ಲೆಸಿ. ವಿಲಿಯರ್ಸ್‌ನ ಪಡೆ ಸೋತು ಹಿಂದಿರುಗಿತು. ಮರುವರ್ಷ ಆಗಸ್ಟ್‌ನಲ್ಲಿ ಅವನನ್ನು ಪೋರ್ಟ್ಸ್‌ಮತ್‌ನಲ್ಲಿ ಒಬ್ಬ ಇರಿದು ಕೊಂದ. ರಿಶಲ್ಯೂ ಸಮುದ್ರಕ್ಕೇ ಅಡ್ಡಗಟ್ಟೆ ಕಟ್ಟಿಸಿ ಊರಿಗೆ ಕಾಳು ಬರದಂತೆ ಮಾಡಿದ. 1628ರ ಅಕ್ಟೋಬರ್‌ನಲ್ಲಿ ಲಾ ರೊಶೆಲ್ ಶರಣಾದಾಗ, ಸುಮಾರು 27,000 ಜನರಿದ್ದ ಊರಿನಲ್ಲಿ ಉಳಿದಿದ್ದವರು 5,000ದಷ್ಟು ಮಾತ್ರ. ಬಹುತೇಕರು ಹಸಿವಿನಿಂದಲೇ ಸತ್ತಿದ್ದರು.

ಆಮೇಲಿನ 50 ವರ್ಷ ಹ್ಯೂಗನಾಟರ ಕುತ್ತಿಗೆ ಮೆಲ್ಲಗೆ ಬಿಗಿಯುತ್ತಾ ಹೋಯಿತು. 1681ರಿಂದ ರಾಜ 14ನೇ ಲೂಯಿಯ ಸೈನಿಕರನ್ನು ಅವರ ಮನೆಗಳಲ್ಲೇ ತಂದಿಳಿಸಿದರು. ಉಣ್ಣಲು ಮನೆಯವರೇ ಹಾಕಬೇಕು, ದಬ್ಬಾಳಿಕೆಯನ್ನೂ ಸಹಿಸಬೇಕು. ಧರ್ಮ ಬದಲಿಸಿದರೆ ಸೈನಿಕರು ಹೊರಡುತ್ತಾರೆ. 1685ರ ಅಕ್ಟೋಬರ್‌ನಲ್ಲಿ ಲೂಯಿ ನಾಂತ್ ಶಾಸನವನ್ನೇ ರದ್ದು ಮಾಡಿದ. ಪ್ರಾರ್ಥನಾಮಂದಿರಗಳನ್ನು ಕೆಡವಿದರು. ಪಾದ್ರಿಗಳು ಎರಡು ವಾರದಲ್ಲಿ ದೇಶ ಬಿಡಬೇಕು. ಉಳಿದವರು ದೇಶ ಬಿಡುವಂತೆಯೇ ಇಲ್ಲ. ಓಡಿಹೋಗುವಾಗ ಸಿಕ್ಕಿಬಿದ್ದರೆ ಗಂಡಸರಿಗೆ ರಾಜನ ಹಡಗುಗಳಲ್ಲಿ ಹುಟ್ಟುಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆಮನೆ.

ಹೀಗಿದ್ದೂ ಒಂದೂವರೆಯಿಂದ ಎರಡು ಲಕ್ಷ ಜನ ತಪ್ಪಿಸಿಕೊಂಡರು. ಹಾಲೆಂಡ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನ್ ನಾಡುಗಳು, ಅಮೆರಿಕ, ಹೀಗೆ ಚದುರಿದರು. ಇಂದು ಇಡೀ ಜಗತ್ತು ಬಳಸುವ ‘ರೆಫ್ಯೂಜಿ’ ಎಂಬ ಪದ ಇಂಗ್ಲಿಷಿಗೆ ಬಂದದ್ದು ಈ ಜನರನ್ನು ಕರೆಯಲು.

ಡಚ್ ಕಂಪನಿಗೆ ಇವರು ಬೇಕಾದದ್ದು ಯಾಕೆ?

ಆಗ ಯೂರೋಪಿನಿಂದ ಭಾರತ, ಜಾವಾ ಕಡೆಗೆ ಹೋಗುವ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿ ಬರಬೇಕಿತ್ತು. ತಿಂಗಳುಗಟ್ಟಲೆ ಸೊಪ್ಪು, ಹಣ್ಣು ಇಲ್ಲದೆ ನಾವಿಕರ ಒಸಡು ಕೊಳೆತು ಸಾಯುತ್ತಿದ್ದರು. ಅದಕ್ಕಾಗಿ 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆ ತುದಿಯ ಕೇಪ್‌ನಲ್ಲಿ, ಅಂದರೆ ಇಂದಿನ ಕೇಪ್‌ಟೌನ್ ಇರುವಲ್ಲಿ, ಒಂದು ತಂಗುದಾಣ ಮಾಡಿತು. ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸುವ ಹೋಟೆಲ್ ಇದ್ದಂತೆ ಅಂದುಕೊಳ್ಳಿ. ತರಕಾರಿ, ಮಾಂಸ, ನೀರು ತುಂಬಿಸಿಕೊಂಡು ಹಡಗು ಮುಂದೆ ಹೋಗುತ್ತದೆ. 1659ರಲ್ಲಿ ಅಲ್ಲಿನ ದ್ರಾಕ್ಷಿಯಿಂದ ಮೊದಲ ವೈನ್ ಹಿಂಡಿದರು. ಆದರೆ ಒಳ್ಳೆಯ ವೈನ್ ಮಾಡಬಲ್ಲ ಕೈಗಳು ಕಡಿಮೆ.

ಇತ್ತ ಹಾಲೆಂಡಿನ ಪಟ್ಟಣಗಳಲ್ಲಿ ಫ್ರಾನ್ಸಿನಿಂದ ಓಡಿಬಂದವರು ತುಂಬಿಕೊಂಡಿದ್ದರು. ದ್ರಾಕ್ಷಿ ಬೆಳೆಯುವುದು ಅವರಲ್ಲಿ ಅನೇಕರಿಗೆ ಕರಗತ. ಕಂಪನಿಯ 17 ಮಂದಿಯ ಆಡಳಿತ ಮಂಡಳಿ ಲೆಕ್ಕ ಹಾಕಿತು. ಹಡಗಿನ ಖರ್ಚು ಕಂಪನಿಯದು. ಅಲ್ಲಿ ಜಮೀನು ಪುಕ್ಕಟೆ. ಬೀಜ, ಸಲಕರಣೆ ಸಾಲವಾಗಿ. ಬದಲಿಗೆ ಕಂಪನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು, ಐದು ವರ್ಷವಾದರೂ ಅಲ್ಲೇ ಇರಬೇಕು.

1688 ಮತ್ತು 1689ರಲ್ಲಿ ಹೀಗೆ ಸುಮಾರು 200 ಜನ ಕೇಪ್‌ಗೆ ಬಂದಿಳಿದರು. ಎರಡು ಲಕ್ಷದಲ್ಲಿ ಇನ್ನೂರು. ಅಷ್ಟೇ. 1688ರಲ್ಲಿ ‘ಊಸ್ಟರ್‌ಲಾಂಡ್’ ಎಂಬ ಹಡಗಿನಲ್ಲಿ ಪ್ವಾತಿಯೇ ಊರಿನ ಜಾನ್ ಪ್ರಿಯೂರ್ ಡು ಪ್ಲೆಸಿ ಎಂಬ ಶಸ್ತ್ರವೈದ್ಯ ಬಂದ. 1689ರ ಮೇ ತಿಂಗಳಲ್ಲಿ, ನಾಲ್ಕು ತಿಂಗಳ ಸಮುದ್ರಯಾನ ಮುಗಿಸಿ ‘ಝಿಯಾನ್’ ಎಂಬ ಹಡಗು ತೀರ ಸೇರಿತು. ಅದರಲ್ಲಿ ಮೂವರು ಅಣ್ಣತಮ್ಮಂದಿರಿದ್ದರು: ಪಿಯೇರ್, ಅಬ್ರಹಾಂ ಮತ್ತು ಜಾಕ್ ಡಿವಿಲಿಯರ್ಸ್.

ಅವರ ಜೊತೆ ಕಂಪನಿಯ ಡೆಲ್ಫ್ಟ್ ಶಾಖೆಯಿಂದ ಒಂದು ಪತ್ರವೂ ಬಂತು. ಇವರು ಲಾ ರೊಶೆಲ್ ಹತ್ತಿರ ಹುಟ್ಟಿದವರು, ದ್ರಾಕ್ಷಿತೋಟ ಹಾಕುವುದನ್ನೂ ನೋಡಿಕೊಳ್ಳುವುದನ್ನೂ ಚೆನ್ನಾಗಿ ಬಲ್ಲವರು, ಇವರಿಗೆ ಕೈಲಾದ ನೆರವು ಕೊಡಿ ಎಂಬುದು ಅದರ ಸಾರ. ಒಂದು ಶಿಫಾರಸು ಪತ್ರ, ಅಷ್ಟೇ. ಆದರೆ 300 ವರ್ಷದ ಹಿಂದಿನ ಸಾಮಾನ್ಯ ರೈತರ ಕಸುಬು, ಹುಟ್ಟೂರು, ಹಡಗು, ತಿಂಗಳು, ಇಷ್ಟೂ ತಿಳಿಯುವುದು ಎಷ್ಟು ಅಪರೂಪ ಅಲ್ವಾ?

ಆನೆಮೂಲೆ ಫ್ರೆಂಚ್ ಮೂಲೆಯಾಯಿತು

ಕೇಪ್‌ನ ಕಮಾಂಡರ್ ಸೈಮನ್ ಫಾನ್ ಡರ್ ಸ್ಟೆಲ್ ಇವರಿಗೆ ಬೆಟ್ಟಗಳ ನಡುವಿನ ಕಣಿವೆಗಳಲ್ಲಿ ಜಮೀನು ಕೊಟ್ಟ. ಅಲ್ಲಿನ ಒಂದು ಜಾಗಕ್ಕೆ ಡಚ್ಚರು ‘ಒಲಿಫಾಂಟ್ಸ್‌ಹುಕ್’ ಎನ್ನುತ್ತಿದ್ದರು. ‘ಹುಕ್’ ಎಂದರೆ ಮೂಲೆ. ಆನೆಗಳು ಓಡಾಡುತ್ತಿದ್ದ ಆ ಆನೆಮೂಲೆ, ಈ ಜನ ಬಂದ ಮೇಲೆ ‘ಫ್ರಾನ್ಸ್‌ಹುಕ್’, ಅಂದರೆ ಫ್ರೆಂಚ್ ಮೂಲೆ ಆಯಿತು. ಇಂದು ಅದು ಹೆಸರುವಾಸಿ ವೈನ್ ಊರು. ಅಣ್ಣತಮ್ಮಂದಿರ ತೋಟಗಳ ಹೆಸರು ಬೂರ್ಗೊನ್, ಶಾಂಪೇನ್, ಲಾ ಬ್ರಿ. ಮೂರೂ ಫ್ರಾನ್ಸಿನ ಸೀಮೆಗಳ ಹೆಸರು. ಪಕ್ಕದ ಬೋಸೆಂಡಾಲ್ ಎಂಬ ತೋಟ 1715ರಿಂದ 1879ರವರೆಗೆ ಈ ಮನೆತನದ ಕೈಯಲ್ಲೇ ಇತ್ತು.

ಪುಕ್ಕಟೆ ಜಮೀನು ಎಂದೆ. ಅದು ಕಂಪನಿಯ ಲೆಕ್ಕದಲ್ಲಿ ಪುಕ್ಕಟೆ. ಆ ಕಣಿವೆಗಳಲ್ಲಿ ತಲೆತಲಾಂತರದಿಂದ ದನ, ಕುರಿ ಮೇಯಿಸಿಕೊಂಡಿದ್ದವರು ಖೋಯ್‌ಖೋಯ್ ಜನ. ಅವರ ಹುಲ್ಲುಗಾವಲೇ ಹಂಚಿಹೋಯಿತು. ಧರ್ಮದ ಹೆಸರಲ್ಲಿ ನೆಲ ಕಳೆದುಕೊಂಡು ಬಂದವರಿಗೆ ಸಿಕ್ಕಿದ್ದು ಇನ್ನೊಬ್ಬರು ಕಳೆದುಕೊಂಡ ನೆಲ. ಈ ಭಾಗವನ್ನು ಬಿಟ್ಟು ಹೆಸರಿನ ಕಥೆ ಹೇಳುವುದು ಸರಿಯಲ್ಲ.

ತೋಟಗಳಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರು. 1652ರಿಂದ 1808ರವರೆಗೆ ಸುಮಾರು 63,000 ಜನರನ್ನು ಕೇಪ್‌ಗೆ ಗುಲಾಮರಾಗಿ ತಂದರು. ಅವರಲ್ಲಿ ಕಾಲು ಭಾಗದಷ್ಟು ಜನ ನಮ್ಮ ಉಪಖಂಡದವರು. ಅವರ ಹುಟ್ಟುಹೆಸರುಗಳನ್ನು ಕಿತ್ತುಹಾಕಿ ಕಂಪನಿಯ ದಾಖಲೆಯಲ್ಲಿ ಹೊಸದಾಗಿ ಬರೆದರು: ಕ್ಯಾಥರೀನಾ ಫಾನ್ ಮಲಬಾರ್, ಆಂಜೆಲಾ ಫಾನ್ ಬೆಂಗಾಲೆ. ಡಚ್‌ನಲ್ಲಿ ‘ಫಾನ್’ ಎಂದರೆ ‘ಇಂದ’. ಮಲಬಾರಿನಿಂದ, ಬಂಗಾಳದಿಂದ. ಎಬಿಡಿಯ ‘ಡಿ’ಗೂ ಈ ‘ಫಾನ್’ಗೂ ಅರ್ಥ ಒಂದೇ. ಒಂದು ಹೆಸರನ್ನು ಹೊತ್ತವರು ಶಿಫಾರಸು ಪತ್ರ ಹಿಡಿದು ಬಂದರು. ಇನ್ನೊಂದನ್ನು ಹೊತ್ತವರನ್ನು ಹಿಡಿದು ತಂದರು.

ಭಾಷೆ ಹೋಯಿತು, ಹೆಸರು ಉಳಿಯಿತು

ಬಂದವರು ತಮ್ಮದೇ ಊರು, ತಮ್ಮದೇ ಚರ್ಚು ಬೇಕೆಂದು ಕೇಳಿದರು. ಕಮಾಂಡರ್‌ಗೆ ಅದು ಹಿಡಿಸಲಿಲ್ಲ. ಅವನು ಫ್ರೆಂಚ್ ಕುಟುಂಬಗಳ ಜಮೀನನ್ನು ಡಚ್ ಕುಟುಂಬಗಳ ನಡುನಡುವೆ ಹಂಚಿದ. ಮಕ್ಕಳು ಒಟ್ಟಿಗೆ ಆಡಿ ಬೆಳೆಯಲಿ, ಬೇಗ ಡಚ್ಚರಾಗಲಿ ಎಂಬ ಲೆಕ್ಕಾಚಾರ. ಪಿಯೇರ್ ಸಿಮೊಂ ಎಂಬ ಫ್ರೆಂಚ್ ಪಾದ್ರಿ ಹಟ ಹಿಡಿದು ಚರ್ಚು ಪಡೆದ. ಆದರೆ 1701ರಲ್ಲಿ ಶಾಲೆಯ ಕಲಿಕೆ ಡಚ್‌ನಲ್ಲೇ ಆಗಬೇಕೆಂದು ಕಂಪನಿ ಹೇಳಿತು. ಮರುವರ್ಷ ಸಿಮೊಂ ಯೂರೋಪಿಗೆ ಮರಳಿದ.

ಶಾಲೆ, ಚರ್ಚು, ಸಂತೆ, ಕಚೇರಿ, ಎಲ್ಲ ಕಡೆ ಇನ್ನೊಂದು ಭಾಷೆ ಇದ್ದರೆ ಏನಾಗುತ್ತದೆ ಎಂದು ಬೆಂಗಳೂರಿನ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜ ಫ್ರೆಂಚ್ ಮಾತಾಡಿದ. ಮಗನಿಗೆ ಎರಡೂ ಬಂತು. ಮೊಮ್ಮಗನಿಗೆ ಡಚ್ ಮಾತ್ರ. ಎರಡು ಮೂರು ತಲೆಮಾರಿನಲ್ಲಿ ಮುಗಿಯಿತು. ಆ ಡಚ್ಚೇ ಮುಂದೆ ಕೇಪ್‌ನ ಮಣ್ಣಿನಲ್ಲಿ ಬೇರೆಯಾಗಿ ಬೆಳೆದು ಆಫ್ರಿಕಾನ್ಸ್ ಭಾಷೆಯಾಯಿತು. ಎಬಿಡಿ, ಫಾಫ್ ಇಬ್ಬರ ಮನೆಮಾತೂ ಅದೇ.

ಹೆಸರುಗಳು ಮಾತ್ರ ಉಳಿದವು. ಉಳಿದರೂ ಅನೇಕ ಹೆಸರುಗಳು ಡಚ್ ಗುಮಾಸ್ತರ ಕಿವಿಗೆ ಕೇಳಿದಂತೆ ಬದಲಾದವು. ಕ್ರಾನಿಯೇ ಎಂಬುದು ಕ್ರೋನಿಯೆ ಆಯಿತು. ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ನಾಯಕರಾಗಿದ್ದ ಹ್ಯಾನ್ಸಿ ಕ್ರೋನಿಯೆ ನೆನಪಿರಬೇಕು. ಪಿನಾರ್ ಎಂಬುದು ಪೀನಾರ್. ಲಾ ಬುಸ್ಕಾನ್ ಎಂಬುದು ಲಾಬುಶೇನ್ ಆಗಿ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮಾರ್ನಸ್ ಜೊತೆ ಆಸ್ಟ್ರೇಲಿಯಾ ತಂಡ ಸೇರಿತು. ಆರ್‌ಸಿಬಿಗೆ ಆಡಿದ ರೈಲಿ ರೂಸೋ ಅವರ ಹೆಸರಿನಲ್ಲಿ ಸದ್ದು ಹಳೆಯ ಫ್ರೆಂಚ್ ರೂಸೋದ್ದೇ, ಕಾಗುಣಿತ ಮಾತ್ರ ಡಚ್.

ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಡಿ ಕ್ಲರ್ಕ್. ಮಂಡೇಲಾ ಅವರನ್ನು 1990ರಲ್ಲಿ ಬಿಡುಗಡೆ ಮಾಡಿದ ಅಧ್ಯಕ್ಷರ ಹೆಸರು. ಆರ್‌ಸಿಬಿ ಮಹಿಳಾ ತಂಡಕ್ಕೆ ಆಡಿದ ನದೀನ್ ಅವರ ಹೆಸರೂ ಇದೇ. ನೋಡಲು ಡಿ ಕಾಕ್ ಥರ ಅಪ್ಪಟ ಡಚ್. ಬೇರು ಮಾತ್ರ ಫ್ರೆಂಚಿನ ‘ಲ ಕ್ಲೆರ್’. ಅರ್ಥ ಬರವಣಿಗೆಯವನು, ಗುಮಾಸ್ತ. ನಮ್ಮ ಕುಲಕರ್ಣಿ, ಶಾನುಭೋಗರ ಹಾಗೆ. ಇಲ್ಲಿ ಹೆಸರು ಸವೆಯಲಿಲ್ಲ, ಪೂರ್ತಿ ಅನುವಾದವೇ ಆಗಿಬಿಟ್ಟಿತು.

ಡಿವಿಲಿಯರ್ಸ್ ಕಾಗುಣಿತಕ್ಕೆ ಇಂಥದ್ದೇನೂ ಆಗಲಿಲ್ಲ. ಫ್ರೆಂಚರು ಕೊನೆಯ ‘ಸ್’ ನುಂಗಿ ‘ದ ವಿಲ್ಯೇ’ ಎನ್ನುತ್ತಾರೆ. ಬರೆದದ್ದನ್ನು ಇದ್ದಂತೆ ಓದುವ ಅಭ್ಯಾಸ ನಮ್ಮದು, ಅದಕ್ಕೆ ನಮಗೆ ‘ಸ್’ ಕೇಳಿಸುತ್ತದೆ. ಡು ಪ್ಲೆಸಿ ಹೆಸರಿನ ಕೊನೆಯ ‘ಸ್’ ಮಾತ್ರ ಕಾಮೆಂಟರಿ ಕೇಳಿ ಕೇಳಿ ಬಿಟ್ಟೆವು.

ವಂಶಾವಳಿ ಓದುವುದು ಹೇಗೆ?

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಎತ್ತಿನ ಮೇಲೆ ಬಂದು ಮನೆತನಗಳ ವಂಶಾವಳಿ ಹಾಡುತ್ತಾರೆ. ಕೇಪ್‌ನಲ್ಲಿ ಆ ಕೆಲಸವನ್ನು ಕಾಗದ ಮಾಡಿತು. ಕಂಪನಿ ಪ್ರತಿ ವರ್ಷ ತೆರಿಗೆಗಾಗಿ ಯಾರ ಮನೆಯಲ್ಲಿ ಎಷ್ಟು ಜನ, ಎಷ್ಟು ದನ, ಎಷ್ಟು ಬಳ್ಳಿ ಎಂದು ಬರೆಸುತ್ತಿತ್ತು. ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆಗಳ ಪುಸ್ತಕವಿತ್ತು.

19ನೇ ಶತಮಾನದಲ್ಲಿ ಇವನ್ನೆಲ್ಲ ಜೋಡಿಸಿ ಹಳೆಯ ಕೇಪ್ ಮನೆತನಗಳ ಪಟ್ಟಿ ಮಾಡಿದವರಲ್ಲಿ ಮುಖ್ಯರು ಕ್ರಿಸ್ಟೋಫೆಲ್ ಕೋಟ್ಸಿ ಡಿವಿಲಿಯರ್ಸ್. ಅವರದೂ ಅದೇ ಮನೆತನದ ಹೆಸರು! ಅವರು ಹಾಕಿದ, ಆಮೇಲೆ ಪಾಮಾ ಎಂಬುವರು ಬೆಳೆಸಿದ ಒಂದು ಗುರುತಿನ ಕ್ರಮವನ್ನು ದಕ್ಷಿಣ ಆಫ್ರಿಕಾ ಇಂದಿಗೂ ಬಳಸುತ್ತದೆ. ಮೊದಲು ಬಂದ ಮೂಲಪುರುಷ ‘ಎ’. ಅವನ ಮಕ್ಕಳು ಬಿ1, ಬಿ2, ಬಿ3. ಮೊಮ್ಮಕ್ಕಳು ಸಿ1, ಸಿ2. ‘ಬಿ3 ಸಿ2 ಡಿ5’ ಎಂದರೆ ಮೂಲಪುರುಷನ ಮೂರನೇ ಮಗುವಿನ ಎರಡನೇ ಮಗುವಿನ ಐದನೇ ಮಗು. ಮನೆ ಬಾಗಿಲಿನ ನಂಬರಿನಷ್ಟೇ ಸರಳ.

ಒಂದು ಎಚ್ಚರ. ಅಡ್ಡಹೆಸರು ಅಪ್ಪನಿಂದ ಮಗನಿಗೆ ಹೋಗುವ ಒಂದೇ ಎಳೆ. 1689ರಿಂದ 1984ರವರೆಗೆ 295 ವರ್ಷ. ತಲೆಮಾರಿಗೆ 30 ವರ್ಷ ಎಂದರೆ ಸುಮಾರು ಹತ್ತು ತಲೆಮಾರು. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಹೀಗೆ ಇಮ್ಮಡಿಸುತ್ತಾ ಹತ್ತನೇ ತಲೆಮಾರಿಗೆ ಹೋದರೆ 1,024 ಜಾಗಗಳು. ಅಡ್ಡಹೆಸರು ಅವುಗಳಲ್ಲಿ ಒಂದರ ಗುರುತು ಮಾತ್ರ. ಉಳಿದ 1,023ರಲ್ಲಿ ಡಚ್ಚರು, ಜರ್ಮನ್ನರು, ಏಷ್ಯಾದವರು, ಆಫ್ರಿಕಾದವರು ಯಾರೂ ಇರಬಹುದು. ಜಾಕ್‌ನ ಹೆಂಡತಿ ಮಾರ್ಗರೀತ್ ಗಾರ್ದಿಯೋಲ್, ಪಿಯೇರ್‌ನ ಹೆಂಡತಿ ಮರಿ ಎಲಿಜಬೆತ್ ತಾಯ್‌ಫೆರ್. ಅವರ ಮನೆತನದ ಹೆಸರು ಅವರ ಮಕ್ಕಳಿಗೇ ಬರಲಿಲ್ಲ. ಹಾಗಾಗಿ ‘ಎಬಿಡಿ ಫ್ರೆಂಚರಾ?’ ಎಂದು ಕೇಳಿದರೆ, ಹೆಸರು ಫ್ರೆಂಚ್, ಮನೆಮಾತು ಆಫ್ರಿಕಾನ್ಸ್, ಮನುಷ್ಯ ದಕ್ಷಿಣ ಆಫ್ರಿಕಾದವರು ಎಂಬುದೇ ಸರಿಯಾದ ಉತ್ತರ.

ಕಣಿವೆಯಿಂದ ಆಚೆಗೆ

1806ರ ಹೊತ್ತಿಗೆ ಕೇಪ್ ಬ್ರಿಟಿಷರ ಕೈ ಸೇರಿತ್ತು. 1830ರ ದಶಕದಿಂದ ಅವರ ಆಳ್ವಿಕೆ ಒಲ್ಲದ ಸಾವಿರಾರು ಡಚ್ ಮಾತಿನ ರೈತರು ಎತ್ತಿನಗಾಡಿ ಕಟ್ಟಿಕೊಂಡು ಒಳನಾಡಿಗೆ ಹೊರಟರು. ಫ್ರೆಂಚ್ ಹೆಸರುಗಳೂ ಗಾಡಿ ಹತ್ತಿದವು. ಆ ಗುಂಪುಗಳ ನಾಯಕರಲ್ಲಿ ಒಬ್ಬನಾದ ಪೀಟ್ ರಿಟೀಫ್‌ನ ಹೆಸರೂ ಹ್ಯೂಗನಾಟರದ್ದೇ. ಎಬಿಡಿ ಹುಟ್ಟಿದ ವಾರ್ಮ್‌ಬಾಡ್, ಇಂದಿನ ಬೇಲಾ-ಬೇಲಾ, ಹೀಗೆ ಜನ ತಲುಪಿದ ಉತ್ತರದ ಟ್ರಾನ್ಸ್‌ವಾಲ್ ಸೀಮೆಯಲ್ಲಿದೆ. ಫ್ರಾನ್ಸ್‌ಹುಕ್‌ನಿಂದ ಸಾವಿರ ಕಿಲೋಮೀಟರಿಗೂ ದೂರ.

ಹೆಸರು ಎಲ್ಲ ಕೆಲಸಗಳಿಗೂ ಹರಡಿತು. 1910ರಲ್ಲಿ ದಕ್ಷಿಣ ಆಫ್ರಿಕಾ ಒಂದು ದೇಶವಾದಾಗ ಅದರ ಮೊದಲ ಮುಖ್ಯ ನ್ಯಾಯಾಧೀಶ ಹೆನ್ರಿ ಡಿವಿಲಿಯರ್ಸ್. 1994ರಲ್ಲಿ ಸಿಡ್ನಿಯಲ್ಲಿ 43 ರನ್ ಕೊಟ್ಟು 6 ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು ಉರುಳಿಸಿದ ವೇಗಿ ಫ್ಯಾನಿ ಡಿವಿಲಿಯರ್ಸ್. ಬಣ್ಣದ ಗೆರೆಯನ್ನೂ ಹೆಸರು ದಾಟಿತು. ದಕ್ಷಿಣ ಆಫ್ರಿಕಾ ರಗ್ಬಿ ತಂಡಕ್ಕೆ 2008ರಲ್ಲಿ ಕೋಚ್ ಆದ ಮೊದಲ ಬಿಳಿಯೇತರ ವ್ಯಕ್ತಿಯ ಹೆಸರು ಪೀಟರ್ ಡಿವಿಲಿಯರ್ಸ್. ಊರು ಪಾರ್ಲ್, ಹ್ಯೂಗನಾಟರು ನೆಲೆಸಿದ ಅದೇ ಸೀಮೆ.

ಇನ್ನೊಬ್ಬ ರಗ್ಬಿ ಆಟಗಾರ ಪೀಟರ್ ಡಿವಿಲಿಯರ್ಸ್ ಇದ್ದಾರೆ. ಹುಟ್ಟಿದ್ದು ಕೇಪ್‌ಟೌನ್ ಹತ್ತಿರದ ಮಾಮ್ಸ್‌ಬರಿಯಲ್ಲಿ. ಆಡಲು ಪ್ಯಾರಿಸ್ಸಿನ ಕ್ಲಬ್ಬಿಗೆ ಹೋದರು, ಅಲ್ಲೇ ನೆಲೆಯಾದರು. 1999ರಲ್ಲಿ ಫ್ರಾನ್ಸ್ ರಾಷ್ಟ್ರೀಯ ತಂಡ ಅವರನ್ನು ಆರಿಸಿತು. ‘ಝಿಯಾನ್’ ಹಡಗು ಕೇಪ್ ಮುಟ್ಟಿ ಆಗ 310 ವರ್ಷ. ನೀಲಿ ಜರ್ಸಿ ತೊಟ್ಟು ಅವರು ಮೈದಾನಕ್ಕೆ ಇಳಿದಾಗ, ಗ್ಯಾಲರಿಯಲ್ಲಿದ್ದ ಫ್ರೆಂಚರಿಗೆ ಆ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.